ಮನೆಯೇ ಟಾಕೀಸು, ಪಕ್ಕದಲ್ಲಿ ಉಂಡೆ ಡಬ್ಬಿ

ಹಳೆಯ ಕನ್ನಡ ಸಿನಿಮಾಗಳನ್ನು ಮನೆಯಲ್ಲಿ ಕೂತು ನೋಡಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಶುರು ಮಾಡಿದ ಮೇಲೆ ನಿಲ್ಲಿಸಬೇಡಿ. ಟಾಕೀಸಿನಲ್ಲಿ ರೀಲು ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಎದ್ದು ಹೋದವರು ಪಕ್ಕದವರನ್ನು ಕೇಳಿ ಕಥೆ ತಿಳಿದುಕೊಳ್ಳಬೇಕಿತ್ತು. ಈಗ ರಿಮೋಟು ನಮ್ಮ ಕೈಗೆ ಬಂದಿದೆ. ಫೋನು ಬಂತೆಂದು ಒಮ್ಮೆ, ಕುಕ್ಕರ್ ಕೂಗಿತೆಂದು ಇನ್ನೊಮ್ಮೆ ನಿಲ್ಲಿಸುತ್ತ ಹೋದರೆ ಎರಡೂವರೆ ಗಂಟೆಯ ಚಿತ್ರ ಮೂರು ದಿನಕ್ಕೆ ಹರಿದು ಹಂಚಿಹೋಗುತ್ತದೆ. ಆಗ ಕಥೆಯೇನೋ ತಿಳಿಯುತ್ತದೆ, ಆದರೆ ನಿರ್ದೇಶಕರು ದೃಶ್ಯದಿಂದ ದೃಶ್ಯಕ್ಕೆ ಕಟ್ಟಿಕೊಂಡು ಬಂದ ಲಯ ಒಂದಿಷ್ಟೂ ಉಳಿಯುವುದಿಲ್ಲ. ಆ ಕಾಲದ ಚಿತ್ರಗಳು ನಿಧಾನ ಎಂದು ದೂರುವವರಲ್ಲಿ ಬಹಳ ಜನ ಅವನ್ನು ತುಂಡು ತುಂಡಾಗಿ ನೋಡಿದವರು.

ತಿನ್ನುವ ಮಾತು ಬರುವುದೂ ಇಲ್ಲಿಯೇ. ಚಿಪ್ಸು, ಚಕ್ಕುಲಿ, ಪಾಪ್‌ಕಾರ್ನ್ ಗದ್ದಲದ ಚಿತ್ರಗಳಿಗೆ ಸರಿ. ಮಾತಿಗಿಂತ ಮೌನವೇ ಹೆಚ್ಚಿರುವ ಚಿತ್ರದಲ್ಲಿ ಬಾಯಿಯ ಕರುಂಕುರುಂ ಪಾತ್ರದ ಉಸಿರನ್ನೇ ನುಂಗಿಬಿಡುತ್ತದೆ. ಸದ್ದು ಮಾಡದ, ಕೈಗೆ ಅಂಟದ, ಕತ್ತಲಲ್ಲೂ ತಡವರಿಸದೆ ಬಾಯಿಗಿಡಬಹುದಾದ, ಒಂದು ತುತ್ತು ಬಹಳ ಹೊತ್ತು ಜಗಿಯಬಹುದಾದ ತಿನಿಸು ಬೇಕು. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಒಣಹಣ್ಣಿಗಿಂತ ಒಳ್ಳೆಯದು ಯಾವುದಿದೆ?

ಮೊದಲು ಟೀವಿಯನ್ನು ಸರಿಮಾಡಿಕೊಳ್ಳಿ. ಎಪ್ಪತ್ತರ ದಶಕದ ನಮ್ಮ ಬಹುಪಾಲು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಈಗಿನ ಟೀವಿ ಹದಿನಾರಕ್ಕೆ ಒಂಬತ್ತು. ಪರದೆ ತುಂಬಲೆಂದು ಚಿತ್ರವನ್ನು ಅಗಲಕ್ಕೆ ಎಳೆದರೆ ನಟಿ ಕಲ್ಪನಾ ಅವರ ಮುಖವೂ ಊದಿಕೊಂಡಂತೆ ಕಾಣುತ್ತದೆ. ಮೇಲೆ ಕೆಳಗೆ ಕತ್ತರಿಸಿದರೆ ತಲೆಗಳೇ ಹಾರಿಹೋಗುತ್ತವೆ. ಎಡಬಲದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ, ಛಾಯಾಗ್ರಾಹಕರು ಅಳೆದು ಇಟ್ಟ ಚೌಕಟ್ಟು ಅದು. ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಒಂದಿರುತ್ತದೆ, ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣತೊಡಗುತ್ತದೆ. ಪರದೆಯ ಮೇಲೆ ‘ವಿಶ್ರಾಂತಿ’ ಎಂದು ಬಂದಾಗ ಮಾತ್ರ ಏಳಿ.

ಎಲ್ಲಿಂದ ಶುರು ಮಾಡಬೇಕು? ನನ್ನ ಆಯ್ಕೆ 1971ರ ‘ಕಸ್ತೂರಿ ನಿವಾಸ’. ದೊರೆ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮನಾಗಿ ರಾಜ್‌ಕುಮಾರ್. ಇದು ಕಪ್ಪುಬಿಳುಪಿನ ಚಿತ್ರ. 2014ರಲ್ಲಿ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು, ಜನ ಮುಗಿಬಿದ್ದು ನೋಡಿದರು. ಆದರೂ ಹೊಸಬರು ಮೊದಲು ಕಪ್ಪುಬಿಳುಪಿನದನ್ನೇ ನೋಡಬೇಕು ಎನ್ನುತ್ತೇನೆ. ದೀಪ ಹಚ್ಚಿದವರು ನೆರಳನ್ನು ಲೆಕ್ಕ ಹಾಕಿದ್ದು ಅದಕ್ಕಾಗಿ. ಇಲ್ಲಿ ಗಮನಿಸಬೇಕಾದದ್ದು ರಾಜ್ ಅವರ ಸಂಯಮ. ಇರುವುದೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗುವಾಗಲೂ ಆ ಮನುಷ್ಯ ದೈನ್ಯಕ್ಕೆ ಇಳಿಯುವುದಿಲ್ಲ. ಕೊಟ್ಟು ಅಭ್ಯಾಸವಾದ ಕೈ ಬೇಡಲು ಮುಂದೆ ಬರುವುದಿಲ್ಲ. ಆ ನೋವೆಲ್ಲ ಕುತ್ತಿಗೆಯ ಬಿಗಿತದಲ್ಲಿ, ಮಾತಿನ ನಡುವಿನ ತಡೆಯಲ್ಲಿ ಕಾಣುತ್ತದೆ. ಪಾರಿವಾಳ ಎಲ್ಲೆಲ್ಲಿ ಬರುತ್ತದೆ ಎಂದು ನೆನಪಿಟ್ಟುಕೊಳ್ಳಿ. ಏಕೆಂದು ನಾನು ಹೇಳಬಾರದು, ಕೊನೆಯ ಭಾಗವೇ ಹೇಳುತ್ತದೆ.

ಆಮೇಲೆ 1972ರ ‘ನಾಗರಹಾವು’. ತರಾಸು ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಕಟ್ಟಿದ ಚಿತ್ರ. ವಿಷ್ಣುವರ್ಧನ್ ರಾಮಾಚಾರಿಯಾಗಿ ಮನೆಮಾತಾದದ್ದು, ಅಂಬರೀಶ್ ಜಲೀಲನಾಗಿ ಮೊದಲ ಬಾರಿಗೆ ತೆರೆಗೆ ಬಂದದ್ದು ಇದರಲ್ಲಿಯೇ. ಪುಟ್ಟಣ್ಣನವರಿಗೆ ಜಾಗವೂ ಒಂದು ಪಾತ್ರ. ಚಿತ್ರದುರ್ಗದ ಬಂಡೆಗಳು ರಾಮಾಚಾರಿಯ ಹಟಕ್ಕೆ ಹೇಗೆ ಒತ್ತಾಸೆಯಾಗಿ ನಿಲ್ಲುತ್ತವೆ ಎಂದು ನೋಡಿ. ಕೋಟೆಯಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿದ ಹಾಡು ಬಂದಾಗ ಮುಂದಕ್ಕೆ ಓಡಿಸಿಬಿಟ್ಟೀರಿ, ಜೋಕೆ. ಆ ಕಾಲಕ್ಕೆ ಅದೊಂದು ಸಾಹಸ. ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರ ಪ್ರೀತಿಯೇ ಶಿಷ್ಯನಿಗೆ ಹೇಗೆ ಮುಳುವಾಯಿತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಎರಡನೇ ಸಲ ನೋಡಿದರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

ಇವೆರಡನ್ನೂ ಅರಗಿಸಿಕೊಂಡ ಮೇಲೆ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ಮೊದಲ ಕಥಾಚಿತ್ರ. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ, ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ವೇದಪಾಠಕ್ಕೆಂದು ಉಡುಪರ ಮನೆಗೆ ಬಂದ ಪುಟ್ಟ ಹುಡುಗ ನಾಣಿ, ಆ ಮನೆಯ ವಿಧವೆ ಮಗಳು ಯಮುನಾ. ದೊಡ್ಡವರ ಲೋಕದಲ್ಲಿ ನಡೆಯುವುದನ್ನು ಹುಡುಗ ಅರ್ಧ ಕೇಳಿಸಿಕೊಳ್ಳುತ್ತಾನೆ, ಅರ್ಧ ಊಹಿಸುತ್ತಾನೆ. ನಮಗೂ ಹೆಚ್ಚುಕಡಿಮೆ ಅವನಿಗೆ ತಿಳಿದಷ್ಟೇ ತಿಳಿಯುತ್ತದೆ. ಹೊಸಬರು ತಬ್ಬಿಬ್ಬಾಗುವುದು ಇಲ್ಲಿ. ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲವಲ್ಲ ಎನ್ನಿಸುತ್ತದೆ. ಹೇಳಬೇಕಾದದ್ದನ್ನು ಎಸ್. ರಾಮಚಂದ್ರ ಅವರ ಕ್ಯಾಮೆರಾ ಹೇಳುತ್ತದೆ: ಕತ್ತಲೆ ತುಂಬಿದ ಒಳಮನೆ, ಹೊರಗಿನ ಮಲೆನಾಡಿನ ಬೆಳಕು, ಆ ಎರಡರ ನಡುವೆ ಹೊಸಿಲು. ಅನುಮಾನವಿದ್ದರೆ ಒಂದು ಹತ್ತು ನಿಮಿಷ ದನಿ ತೆಗೆದು ನೋಡಿ. ಯಾರು ಯಾರಿಂದ ದೂರ ನಿಂತಿದ್ದಾರೆ, ಯಾರು ಯಾರ ಕಣ್ಣು ತಪ್ಪಿಸುತ್ತಾರೆ ಎಂಬುದರಲ್ಲಿಯೇ ಕಥೆಯಿದೆ. ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಒಳ್ಳೆಯ ಪ್ರತಿ ಸಿಗುವವರೆಗೂ ಕಾಯಬಹುದಾದ ಚಿತ್ರ ಇದು. ಇದರ ಕೊನೆಯ ಅರ್ಧ ಗಂಟೆ ಮಾತ್ರ ಕೈಯಲ್ಲಿ ಏನೂ ಬೇಡ, ಡಬ್ಬಿ ಮುಚ್ಚಿಡಿ.

ಇಷ್ಟಾದ ಮೇಲೆ ಮನಸ್ಸು ಹಗುರಾಗಬೇಕೆಂದರೆ ರಾಮ್ ರೆಡ್ಡಿಯವರ ‘ತಿಥಿ’ ಇದೆ. ಮಂಡ್ಯ ಸೀಮೆಯ ಹಳ್ಳಿ, ಅಲ್ಲಿಯ ಜನರೇ ನಟರು, ಅವರದೇ ಮಾತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಚಿತ್ರವೆಂದು ಹೆದರಬೇಡಿ, ಮನೆಮಂದಿಯೆಲ್ಲ ನಗುತ್ತೀರಿ.

ಈಗ ಡಬ್ಬಿಗೆ ಬರೋಣ. ಖರ್ಜೂರದ ಉಂಡೆಗೆ ಸಕ್ಕರೆ ಬೇಡ, ಬೆಲ್ಲದ ಪಾಕದ ತಾಪತ್ರಯವೂ ಇಲ್ಲ. ಬೀಜ ತೆಗೆದ ಮೆತ್ತನೆಯ ಖರ್ಜೂರ ಕಾಲು ಕೇಜಿ, ಬಾದಾಮಿ ಮತ್ತು ಗೋಡಂಬಿ ಐವತ್ತೈವತ್ತು ಗ್ರಾಂ, ಅಷ್ಟೇ ಒಣದ್ರಾಕ್ಷಿ, ಅರ್ಧ ಬಟ್ಟಲು ಒಣಕೊಬ್ಬರಿ ತುರಿ, ಎರಡು ಚಮಚ ತುಪ್ಪ, ಏಲಕ್ಕಿ, ಹೊರಳಿಸಲು ಗಸಗಸೆ. ಬಾದಾಮಿ, ಗೋಡಂಬಿ, ಕೊಬ್ಬರಿ, ಗಸಗಸೆ ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಒಂದರ ಹದ ಇನ್ನೊಂದಕ್ಕಿಲ್ಲ. ಬಾದಾಮಿ, ಗೋಡಂಬಿ ಆರಿದ ಮೇಲೆ ಸಣ್ಣ ತರಿಯಾಗಿ ಪುಡಿ ಮಾಡಿ. ದೊಡ್ಡ ಚೂರು ಉಳಿದರೆ ಜಗಿಯುವಾಗ ಸದ್ದಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಹಾಕಿ, ಹೆಚ್ಚಿದ ಖರ್ಜೂರವನ್ನು ಸಣ್ಣ ಉರಿಯಲ್ಲಿ ಮಗುಚುತ್ತಿರಿ. ಮೊದಲು ಹೊಳಪು ಬರುತ್ತದೆ, ಆಮೇಲೆ ಅಂಚು ಕರಗಿ, ತಳ ಬಿಟ್ಟು ಮುದ್ದೆ ಕಟ್ಟುತ್ತದೆ. ಅಲ್ಲಿಗೆ ಒಲೆ ಆರಿಸಿ. ಇನ್ನೂ ಬಿಟ್ಟರೆ ಆರಿದ ಮೇಲೆ ಉಂಡೆ ಕಲ್ಲಾಗುತ್ತದೆ. ಉಳಿದದ್ದನ್ನೆಲ್ಲ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಿಂಬೆ ಗಾತ್ರಕ್ಕಿಂತ ಚಿಕ್ಕದಾಗಿ ಕಟ್ಟಿ, ಗಸಗಸೆಯಲ್ಲಿ ಹೊರಳಿಸಿ. ಗಸಗಸೆಯ ಹೊದಿಕೆ ಇದ್ದರೆ ಬೆರಳು ಅಂಟುವುದಿಲ್ಲ, ರಿಮೋಟೂ ಅಂಟುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಚೆನ್ನಾಗಿರುತ್ತದೆ.

ಒಣದ್ರಾಕ್ಷಿ ಕೊಳ್ಳುವಾಗ ವಿಜಯಪುರದ್ದು ಕೇಳಿ. ಅಲ್ಲಿ ದ್ರಾಕ್ಷಿಯನ್ನು ಶೆಡ್ಡಿನ ನೆರಳಿನಲ್ಲಿ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಬಿಸಿಲು ನೇರವಾಗಿ ತಾಗದ್ದರಿಂದ ಹಸಿರು ಛಾಯೆ ಉಳಿಯುತ್ತದೆ. ಉತ್ತರ ಕರ್ನಾಟಕದ ಅಂಟಿನುಂಡೆ, ಅಮೀನಗಡದ ಕರದಂಟು ಇನ್ನೂ ಗಟ್ಟಿ ಜಾತಿ. ಅಂಟನ್ನು ತುಪ್ಪದಲ್ಲಿ ಒಳಗಿನವರೆಗೂ ಅರಳಿಸದಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಕೈ ಪಳಗಿದ ಮೇಲೆ ಮಾಡಿ. ‘ಘಟಶ್ರಾದ್ಧ’ದ ಮೊದಲ ಭಾಗಕ್ಕೆ ನನ್ನ ಮತ ಯಲ್ಲಾಪುರ, ಶಿರಸಿ ಕಡೆಯ ಸುಕೇಳಿಗೆ. ಕಳಿತ ಬಾಳೆಹಣ್ಣನ್ನು ಬಿಸಿಲಿನಲ್ಲಿ ಒಣಗಿಸಿದ್ದು, ಹೊರಗೆ ಕಂದು, ಒಳಗೆ ಮೆದು, ಸದ್ದೇ ಇಲ್ಲ. ಬೇಸಗೆಯಲ್ಲಾದರೆ ಮಾವಿನ ರಸವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ದಿನವೂ ಒಂದು ಪದರ ಸೇರಿಸಿ ಒಣಗಿಸಿದ ಮಾಂಬಳ. ಹುಳಿಸಿಹಿಯ ಒಂದು ತುಂಡು ಒಂದು ಹಾಡಿನಷ್ಟು ಹೊತ್ತು ಬರುತ್ತದೆ.

ಕೊನೆಗೊಂದು ಕೋರಿಕೆ. ಮೊದಲ ಚಿತ್ರವನ್ನು ಒಬ್ಬರೇ ನೋಡಬೇಡಿ. ‘ನಾಗರಹಾವು’, ‘ಕಸ್ತೂರಿ ನಿವಾಸ’ ಬಿಡುಗಡೆಯಾದಾಗ ಟಾಕೀಸಿನಲ್ಲಿ ಕೂತು ನೋಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇನ್ನೂ ಇದ್ದಾರೆ. ಅವರನ್ನು ಕರೆದು ಕೂರಿಸಿಕೊಳ್ಳಿ, ಹಲ್ಲಿಗೆ ತ್ರಾಸವಾಗದಂತೆ ಅವರ ಪಾಲಿನ ಉಂಡೆಯನ್ನು ಇನ್ನಷ್ಟು ಮೆತ್ತಗೆ ಕಟ್ಟಿ, ಚಿತ್ರ ಮುಗಿದ ಮೇಲೆ ಆಗ ಏನು ಕಂಡಿತ್ತು, ಈಗ ಏನು ಕಂಡಿತು ಎಂದು ಕೇಳಿ.