ಕಟ್ಟಳೆ ಯಾರದು? ಹೊರೆ ಯಾರಿಗೆ?

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ನಾವು ಎಷ್ಟೋ ಸಲ ಬಲಿಪೂಜೆಯಲ್ಲಿ ಆಲಿಸಿದ್ದೇವೆ. ಕೈ ತೊಳೆಯದೆ ಊಟಕ್ಕೆ ಕುಳಿತ ಶಿಷ್ಯರನ್ನು ಕಂಡು ಫರಿಸಾಯರು ಆಕ್ಷೇಪಿಸುತ್ತಾರೆ. ಯೇಸುಸ್ವಾಮಿ ನೀಡುವ ಉತ್ತರದಲ್ಲಿ ಕೈ ತೊಳೆಯುವ ಮಾತು ಹಿಂದೆ ಸರಿದು, 'ಕೊರ್ಬಾನ್' ಎಂಬ ಪದ್ಧತಿ ಮುಂದೆ ಬರುತ್ತದೆ. ಮಗನೊಬ್ಬನು ತನ್ನ ಸ್ವತ್ತನ್ನು ದೇವರಿಗೆ ಮೀಸಲೆಂದು ಹರಕೆ ನುಡಿದುಬಿಟ್ಟರೆ, ಅದರಿಂದ ತನ್ನ ತಂದೆತಾಯಿಗೆ ಏನನ್ನೂ ಕೊಡುವಂತಿರಲಿಲ್ಲ. ಹರಕೆಯ ನಿಯಮವೇನೋ ಉಳಿಯಿತು. ಹೆತ್ತವರನ್ನು ಗೌರವಿಸಬೇಕೆಂಬ ದೇವರ ಆಜ್ಞೆ ಮಾತ್ರ ಕಳೆದುಹೋಯಿತು. ಪ್ರಭು ಖಂಡಿಸಿದ್ದು ಇದನ್ನೇ.

ಪ್ರಿಯ ಓದುಗರೇ, ಈ ವಾಚನವನ್ನು ಕೇಳುವಾಗ ನಾವೆಲ್ಲರೂ ಸುಲಭವಾಗಿ ಯೇಸುವಿನ ಪಕ್ಷದಲ್ಲಿ ನಿಂತುಬಿಡುತ್ತೇವೆ. ಫರಿಸಾಯರೆಂದರೆ ಎರಡು ಸಾವಿರ ವರ್ಷಗಳ ಹಿಂದಿನ ಯಾರೋ ಕಪಟಿಗಳು ಎಂಬ ಭಾವನೆ ನಮ್ಮದು. ವಾಸ್ತವವಾಗಿ ಅವರು ತಮ್ಮ ಜನರಲ್ಲಿ ಭಕ್ತರೆನಿಸಿಕೊಂಡವರು. ದೇವರ ಆಜ್ಞೆಗೆ ಭಂಗ ಬಾರದಿರಲೆಂದು ಅದರ ಸುತ್ತಲೂ ಬೇಲಿ ಕಟ್ಟಿದರು. ಬೇಲಿಯನ್ನು ಕಾಯುತ್ತಾ ಕಾಯುತ್ತಾ ಒಳಗಿನ ಪೈರನ್ನು ಮರೆತರು. ಇಂತಹ ಮರೆವು ಭಕ್ತಿಯುಳ್ಳವರಿಗೇ ಬರುವಂಥದ್ದು. ಆದಕಾರಣ ಅದು ನಮಗೂ ಬರಬಹುದು.

ನಮ್ಮ ಬದುಕಿನಲ್ಲಿ ಮೂರು ಬಗೆಯ ಕಟ್ಟಳೆಗಳಿವೆ. ಮೊದಲನೆಯದು ದೇವರ ಆಜ್ಞೆ. ಅದನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದು ಧರ್ಮಸಭೆ ತನ್ನ ಮಕ್ಕಳ ಹಿತಕ್ಕಾಗಿ ಮಾಡಿದ ನಿಯಮ. ಕಾಲಕ್ಕೆ ತಕ್ಕಂತೆ ಅದನ್ನು ಧರ್ಮಸಭೆಯೇ ಮಾರ್ಪಡಿಸಬಲ್ಲದು. ಮೂರನೆಯದು ಊರಿನ ರೂಢಿ, ಧರ್ಮಕೇಂದ್ರದ ಏರ್ಪಾಡು, ಹಿರಿಯರ ಮಾತು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದೇ ನಮ್ಮ ಮೊದಲ ದೋಷ.

ಪರಮಪ್ರಸಾದದ ಉಪವಾಸವನ್ನೇ ನೋಡಿ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ತೊಟ್ಟು ನೀರನ್ನೂ ಮುಟ್ಟುವಂತಿರಲಿಲ್ಲ. 1917ರ ಧರ್ಮಸಭಾ ಕಾನೂನು ಸಂಹಿತೆ ಹಾಗೆಯೇ ವಿಧಿಸಿತ್ತು. 1953ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ನೀರು ಕುಡಿದರೆ ಉಪವಾಸಕ್ಕೆ ಭಂಗವಿಲ್ಲವೆಂದರು. 1957ರಲ್ಲಿ ಅವರೇ ಊಟಕ್ಕೆ ಮೂರು ಗಂಟೆಯ ಅವಧಿಯನ್ನು ನಿಗದಿಪಡಿಸಿದರು. 1964ರಲ್ಲಿ ಜಗದ್ಗುರು ಆರನೆಯ ಪೌಲರು ಅದನ್ನು ಒಂದು ಗಂಟೆಗೆ ಇಳಿಸಿದರು. 1983ರ ಸಂಹಿತೆಯ 919ನೆಯ ವಿಧಿಯಂತೆ ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ವೃದ್ಧರು, ರೋಗಿಗಳು ಮತ್ತು ಅವರ ಶುಶ್ರೂಷೆ ಮಾಡುವವರು ಆ ಒಂದು ಗಂಟೆಯೊಳಗೆ ಏನಾದರೂ ಸೇವಿಸಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಪರಮಪ್ರಸಾದದ ಮಹಿಮೆ ಇದರಿಂದ ಎಳ್ಳಷ್ಟೂ ಕುಂದಲಿಲ್ಲ. ಹೀಗಿದ್ದರೂ, ಸಕ್ಕರೆ ಕಾಯಿಲೆಯ ತಾಯಿಯೊಬ್ಬರು ಬೆಳಿಗ್ಗೆ ಮಾತ್ರೆಯೊಡನೆ ಎರಡು ಬಿಸ್ಕತ್ತು ತಿಂದ ಕಾರಣಕ್ಕೆ ಬೆಂಚಿನಲ್ಲೇ ಕುಳಿತು, ಸಾಲಿನಲ್ಲಿ ಹೋಗುವವರನ್ನು ನೋಡುತ್ತಿದ್ದರೆ, ಅವರನ್ನು ತಡೆದದ್ದು ಯಾರು? ಧರ್ಮಸಭೆಯಂತೂ ಅಲ್ಲ.

ಇನ್ನೂ ನೋವಿನ ವಿಷಯವೊಂದಿದೆ. 1917ರ ಸಂಹಿತೆಯು ಉದ್ದೇಶಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೂ, ದೀಕ್ಷಾಸ್ನಾನ ಪಡೆಯದೆ ತೀರಿಕೊಂಡ ಶಿಶುಗಳಿಗೂ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. ಈಗಿನ ಸಂಹಿತೆ ಹಾಗೆ ಹೇಳುವುದಿಲ್ಲ. ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಹೆಸರೇ ಇಲ್ಲ. ಶಿಶುವಿಗೆ ದೀಕ್ಷಾಸ್ನಾನ ಕೊಡಿಸಬೇಕೆಂದು ಹೆತ್ತವರು ಬಯಸಿದ್ದರೆ ಅಂತ್ಯಕ್ರಿಯೆಗೆ ಧರ್ಮಾಧ್ಯಕ್ಷರು ಅನುಮತಿ ನೀಡಬಹುದೆಂದು 1183ನೆಯ ವಿಧಿ ತಿಳಿಸುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಪ್ರಾಣತ್ಯಾಗವನ್ನು ಘೋರ ತಪ್ಪೆಂದೇ ಬೋಧಿಸುತ್ತದೆ. ಆದರೆ ತೀವ್ರವಾದ ಮನೋವ್ಯಥೆ, ಭಯ, ಯಾತನೆಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಹುದೆಂದೂ, ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ ಸ್ಪಷ್ಟಪಡಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಇಷ್ಟಾದರೂ ಅಂತಹ ಮನೆಯ ಮುಂದೆ ನಿಂತು, ಸಮಾಧಿಭೂಮಿಯಲ್ಲಿ ಎಲ್ಲರ ಸಾಲಿನಲ್ಲಿ ಜಾಗ ಕೊಡಬಹುದೇ, ಗಂಟೆ ಬಾರಿಸಬಹುದೇ ಎಂದು ಚರ್ಚಿಸುವವರು ಇಂದಿಗೂ ಇದ್ದಾರೆ. ಮಗನನ್ನು ಕಳೆದುಕೊಂಡ ತಾಯಿಯ ಕಿವಿಗೆ ಆ ಚರ್ಚೆ ಬಿದ್ದಾಗ ಏನಾಗುವುದೆಂದು ಅವರು ಯೋಚಿಸುವುದಿಲ್ಲ.

ಹಣದ ವಿಷಯವನ್ನೂ ಮುಚ್ಚಿಡಬಾರದು. ಧರ್ಮಸಭೆಯ ಅಗತ್ಯಗಳಿಗೆ ಕೈಲಾದಷ್ಟು ನೆರವಾಗುವುದು ಪ್ರತಿಯೊಬ್ಬ ವಿಶ್ವಾಸಿಯ ಕರ್ತವ್ಯ. ದೇವಾಲಯದ ದೀಪಕ್ಕೂ ದುರಸ್ತಿಗೂ ಹಣ ಬೇಕೇ ಬೇಕು. ಆದರೆ ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ಎಚ್ಚರ ವಹಿಸಬೇಕೆಂದು 848ನೆಯ ವಿಧಿ ಆಜ್ಞಾಪಿಸುತ್ತದೆ. ಬಡವರಿಗೆ ಯೋಗ್ಯವಾದ ಅಂತ್ಯಕ್ರಿಯೆ ತಪ್ಪಬಾರದೆಂದು 1181ನೆಯ ವಿಧಿ ಹೇಳುತ್ತದೆ. ವಂತಿಗೆ ಬಾಕಿ ತೀರಿಸುವವರೆಗೆ ಮಗುವಿಗೆ ದೀಕ್ಷಾಸ್ನಾನವಿಲ್ಲ, ಶವಕ್ಕೆ ಗುಂಡಿಯಿಲ್ಲ ಎಂದು ಎಲ್ಲಿಯಾದರೂ ಬಡವನಿಗೆ ಹೇಳಿದರೆ, ಅದು ಹೊಸ ಕಾಲದ ಕೊರ್ಬಾನ್. ದೇವರ ಮನೆಯ ಹೆಸರಿನಲ್ಲಿ ದೇವರ ಮಕ್ಕಳನ್ನೇ ಹೊರಗೆ ನಿಲ್ಲಿಸಿದಂತೆ.

ಮದುವೆಯಾಗದ ತಾಯಿಯ ಮಗುವಿಗೆ ದೀಕ್ಷಾಸ್ನಾನ ಕೊಡಬಹುದೇ ಎಂದು ಪಿಸುಗುಟ್ಟುವವರಿದ್ದಾರೆ. ಅಂತಹ ಮಗುವಿನ ಹೆಸರನ್ನೂ ತಾಯಿಯ ಹೆಸರನ್ನೂ ದಾಖಲೆ ಪುಸ್ತಕದಲ್ಲಿ ಹೇಗೆ ಬರೆಯಬೇಕೆಂಬುದನ್ನು 877ನೆಯ ವಿಧಿ ವಿವರಿಸಿದೆ. ಎಂದರೆ ಆ ಮಗು ಬರುತ್ತದೆಂದು ಕಾನೂನು ಮೊದಲೇ ಎದುರುನೋಡಿ, ಪುಟದಲ್ಲಿ ಜಾಗ ಬಿಟ್ಟಿದೆ! 2012ರಲ್ಲಿ ಬ್ಯೂನಸ್ ಐರಿಸ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಬೆರ್ಗೋಲಿಯೋರವರು ಇಂತಹ ಮಕ್ಕಳಿಗೆ ದೀಕ್ಷಾಸ್ನಾನ ನಿರಾಕರಿಸುವ ಗುರುಗಳನ್ನು ಕಪಟಿಗಳೆಂದು ಕಟುವಾಗಿ ಟೀಕಿಸಿದ್ದರು. ಮರುವರ್ಷ ಜಗದ್ಗುರು ಫ್ರಾನ್ಸಿಸ್‌ರಾದ ಮೇಲೆ 'ಶುಭಸಂದೇಶದ ಆನಂದ' ಎಂಬ ಪ್ರೇಷಿತ ಪತ್ರದಲ್ಲಿ, ಧರ್ಮಸಭೆಯು ಸುಂಕದ ಕಟ್ಟೆಯಲ್ಲ, ಎಲ್ಲರಿಗೂ ಸ್ಥಳವಿರುವ ತಂದೆಯ ಮನೆ ಎಂಬ ಅರ್ಥದ ಮಾತನ್ನು ಬರೆದರು.

ಇದು ಇಂದಿನ ಕಾಲದ ಸಡಿಲಿಕೆಯೇನೂ ಅಲ್ಲ. ಅನ್ಯಜನರು ಕ್ರೈಸ್ತರಾಗಲು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಎದ್ದಾಗ, ಜೆರುಸಲೇಮಿನಲ್ಲಿ ಸಭೆ ಸೇರಿದ ಪ್ರೇಷಿತರು ಅಗತ್ಯವಾದ ಕೆಲವನ್ನು ಬಿಟ್ಟು ಬೇರೆ ಹೊರೆ ಬೇಡವೆಂದು ತೀರ್ಮಾನಿಸಿದರು. ಸಂತ ಅಗಸ್ಟೀನರ ತಾಯಿ ಮೋನಿಕಾ ಮಿಲಾನಿಗೆ ಬಂದಾಗ, ಅಲ್ಲಿನ ವಿಶ್ವಾಸಿಗಳು ಶನಿವಾರ ಉಪವಾಸ ಮಾಡದಿರುವುದನ್ನು ಕಂಡು ಕಳವಳಗೊಂಡರು. ಮಗ ಹೋಗಿ ಸಂತ ಅಂಬ್ರೋಸರನ್ನು ಕೇಳಿದ. ತಾನು ರೋಮಿನಲ್ಲಿದ್ದಾಗ ಶನಿವಾರ ಉಪವಾಸ ಮಾಡುವೆನೆಂದೂ, ಮಿಲಾನಿನಲ್ಲಿದ್ದಾಗ ಮಾಡುವುದಿಲ್ಲವೆಂದೂ ಅವರು ಉತ್ತರಿಸಿದರು. ಇಬ್ಬರ ವಿಶ್ವಾಸವೂ ಒಂದೇ, ರೂಢಿ ಮಾತ್ರ ಬೇರೆ. ಮನುಷ್ಯರು ಕೂಡಿಸಿದ ಕಟ್ಟಳೆಗಳು ಹೆಚ್ಚಿ ಧರ್ಮವು ದಾಸ್ಯದ ಹೊರೆಯಾಗುತ್ತಿದೆಯೆಂದು ಮುಂದೆ ಅಗಸ್ಟೀನರೇ ಮರುಗಿದರು.

ಹಾಗಾದರೆ ನಿಯಮಗಳೇ ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು. ನಿಯಮವಿಲ್ಲದ ಸಮುದಾಯದಲ್ಲಿ ಬಲಿಷ್ಠನ ಮಾತೇ ನಡೆಯುತ್ತದೆ, ಬಡವನಿಗೆ ಆಸರೆಯಿರುವುದಿಲ್ಲ. ಮೇಲೆ ಹೇಳಿದ ವಿಧಿಗಳನ್ನೇ ಗಮನಿಸಿ: ಅವುಗಳಲ್ಲಿ ಬಹುಪಾಲು ದುರ್ಬಲರ ರಕ್ಷಣೆಗೆಂದೇ ಇವೆ. ಆತ್ಮಗಳ ರಕ್ಷಣೆಯೇ ಪರಮೋಚ್ಚ ನಿಯಮವೆಂದು ನೆನಪಿಸಿಯೇ ಸಂಹಿತೆಯ ಕೊನೆಯ ವಿಧಿಯಾದ 1752 ಮುಕ್ತಾಯಗೊಳ್ಳುತ್ತದೆ. ಆದುದರಿಂದ ನನ್ನ ಆಕ್ಷೇಪಣೆ ಧರ್ಮಸಭೆಯ ಕಾನೂನಿನ ಮೇಲಲ್ಲ. ಕಾನೂನನ್ನು ಓದದೆಯೇ ಕಾನೂನಿನ ಹೆಸರಿನಲ್ಲಿ ಕಾನೂನಿಗಿಂತ ಕಠಿಣರಾಗುವ ನಮ್ಮ ಮೇಲೆ.

ಈ ಕಟ್ಟಳೆ ಬುದ್ಧಿಗೆ ಇನ್ನೊಂದು ಮುಖವೂ ಇದೆ. ಪರರಿಗೆ ಅಷ್ಟು ಬಿಗಿಯಾದ ಅದು ತನಗೆ ಬಹಳ ಸಲೀಸು. ಕಾಣಿಕೆ ಅರ್ಪಣೆಗೆ ಮುಂಚೆ ಬಂದರೆ ಪೂಜೆ ಸಲ್ಲುತ್ತದಲ್ಲವೇ, ವರ್ಷಕ್ಕೊಂದು ಪಾಪನಿವೇದನೆ ಸಾಕಲ್ಲವೇ ಎಂದು ಅದು ಲೆಕ್ಕ ಹಾಕುತ್ತದೆ. ತಪಸ್ಸುಕಾಲದ ಶುಕ್ರವಾರ ಮಾಂಸವನ್ನು ಬಿಟ್ಟು, ದುಬಾರಿ ಮೀನಿನ ಔತಣ ಮಾಡಿ ನೆಮ್ಮದಿಯಾಗಿ ಮಲಗುತ್ತದೆ. ಅಂದು ತಮ್ಮನೊಡನೆ ಮಾತು ಬಿಟ್ಟು ಹತ್ತು ವರ್ಷವಾಯಿತೆಂಬುದು ಅದಕ್ಕೆ ನೆನಪಾಗುವುದಿಲ್ಲ. ಪುದೀನ, ಜೀರಿಗೆಯಲ್ಲೂ ದಶಾಂಶ ಎಣಿಸಿ, ನ್ಯಾಯ ಮತ್ತು ದಯೆಗಳನ್ನು ಕೈಬಿಟ್ಟವರ ಕುರಿತು ಪ್ರಭು ಆಡಿದ ಮಾತು ಇದಕ್ಕೇ ಸಲ್ಲುತ್ತದೆ. ಎಷ್ಟು ಮಾಡಿದರೆ ಸಾಕು ಎಂದು ಪ್ರೀತಿ ಎಂದೂ ಕೇಳುವುದಿಲ್ಲ.

ಪ್ರಿಯರೇ, ಇನ್ನು ಮುಂದೆ ಯಾರಾದರೂ ಚರ್ಚಿನಲ್ಲಿ ಹೀಗೆ ಮಾಡುವಂತಿಲ್ಲ ಎಂದರೆ ಕೋಪಿಸಿಕೊಳ್ಳಬೇಡಿ, ಹೆದರಲೂ ಬೇಡಿ. ಇದು ದೇವರ ಆಜ್ಞೆಯೇ, ಧರ್ಮಸಭೆಯ ನಿಯಮವೇ, ಊರಿನ ರೂಢಿಯೇ ಎಂದು ವಿನಯದಿಂದ ಕೇಳಿ. ಇದರಿಂದ ಯಾರಿಗೆ ಒಳಿತಾಗುತ್ತದೆ, ಯಾರು ಹೊರಗುಳಿಯುತ್ತಾರೆ ಎಂದೂ ಕೇಳಿ. ಗುರುಗಳಾದ ನಮ್ಮನ್ನೂ ಕೇಳಿ. ಉತ್ತರ ಹೇಳುವ ಹೊಣೆ ನಮಗಿದೆ. ನಿಮ್ಮ ಪಕ್ಕದ ಮನೆಯಲ್ಲಿ ಇಂತಹ ಯಾವುದೋ ಮಾತಿಗೆ ನೊಂದು ದೇವಾಲಯಕ್ಕೆ ಬರುವುದನ್ನೇ ಬಿಟ್ಟವರಿದ್ದರೆ, ಈ ಭಾನುವಾರ ಅವರ ಬಾಗಿಲು ತಟ್ಟಿ ಜೊತೆಯಲ್ಲಿ ಕರೆತನ್ನಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.