ಹಸಿರು ಪಟಾಕಿಗೆ ಎಷ್ಟು ಅಂಕ?

2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ವಲಯದಲ್ಲಿ ಹಸಿರು ಪಟಾಕಿಗೆ ಅನುಮತಿ ಕೊಟ್ಟಿತು. ದೀಪಾವಳಿಯ ದಿನ ಮತ್ತು ಅದರ ಮುನ್ನಾದಿನ, ಬೆಳಿಗ್ಗೆ ಒಂದು ಗಂಟೆ, ರಾತ್ರಿ ಎರಡು ಗಂಟೆ ಹೊಡೆಯಬಹುದು ಎಂದಿತು. ಹಬ್ಬದ ಮರುದಿನ ದೆಹಲಿಯ ಗಾಳಿ ‘ಅತಿ ಕಳಪೆ’ ದರ್ಜೆಯಲ್ಲಿತ್ತು. ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಲ್ಲಿ ಉಳಿದುಕೊಂಡ ನಮ್ಮವರಿಗೂ ಉಸಿರಾಡಲು ಅದೇ ಗಾಳಿ. ಕೂಳೆ ಸುಟ್ಟ ಹೊಗೆ, ವಾಹನಗಳ ಹೊಗೆ, ನಿಂತುಹೋದ ಗಾಳಿ ಎಲ್ಲವೂ ಅದಕ್ಕೆ ಕಾರಣ. ಪಟಾಕಿಯೊಂದನ್ನೇ ದೂರುವುದು ಸರಿಯಲ್ಲ. ಆದರೆ ‘ಹಸಿರು’ ಎಂದು ಕರೆದ ಮೇಲೆ ಅದನ್ನು ಹಸಿರು ರಸಾಯನಶಾಸ್ತ್ರದ ಅಳತೆಯಿಂದಲೇ ನೋಡಬೇಕು.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಮಾಮೂಲಿ ಸುರುಸುರು ಬತ್ತಿಯಲ್ಲಿ ಬೇರಿಯಂ ನೈಟ್ರೇಟ್ ಇರುತ್ತದೆ. ಲೋಹದ ಪುಡಿ ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಅದೇ. ಉರಿದ ಮೇಲೆ ವಿಷಕಾರಿ ಬೇರಿಯಂ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ, ಮಕ್ಕಳು ಅದನ್ನು ಕೈಯಲ್ಲೇ ಹಿಡಿದಿರುತ್ತಾರೆ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ ಹಸಿರು ಪಟಾಕಿಗೆಂದು ಬೇರಿಯಂ ಬಿಟ್ಟ ಮಿಶ್ರಣಗಳನ್ನು ರೂಪಿಸಿತು. ಅದರ ‘ಸ್ಟಾರ್’ ಮಾದರಿಯಲ್ಲಿ ಗಂಧಕ, ಪೊಟ್ಯಾಶಿಯಂ ನೈಟ್ರೇಟ್ ಕೂಡ ಇಲ್ಲ. ಇದು ಶ್ರದ್ಧೆಯ ಕೆಲಸ, ನಿಜವಾದ ಗಳಿಕೆ.

ಆದರೆ ನೀರಿ ಕೊಡುವ ಭರವಸೆ ಪ್ರತಿ ಪಟಾಕಿಗೆ ಕನಿಷ್ಠ ಶೇ 30ರಷ್ಟು ಕಡಿಮೆ ದೂಳು, ಅಷ್ಟೇ. ಹತ್ತು ಹೊಡೆಯುತ್ತಿದ್ದವರು ‘ಹಸಿರು ತಾನೇ’ ಎಂದು ಹದಿನೈದು ಹೊಡೆದರೆ ಹತ್ತೂವರೆ ಹಳೇ ಪಟಾಕಿಯ ದೂಳು ಎದ್ದಂತೆ. ರಸಾಯನಶಾಸ್ತ್ರಜ್ಞರಾದ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನಶಾಸ್ತ್ರದ 12 ತತ್ವಗಳಲ್ಲಿ ಮೊದಲನೆಯದು, ಕಸ ಹುಟ್ಟದಂತೆಯೇ ನೋಡಿಕೊಳ್ಳಬೇಕು ಎನ್ನುತ್ತದೆ. ಐಬುಪ್ರೊಫೆನ್ ಮಾತ್ರೆಯ ತಯಾರಿಯಲ್ಲಿ ಹಾಗೇ ಆಯಿತು: ಆರು ಹಂತ ಮೂರಕ್ಕಿಳಿಯಿತು, ಸರಕಿನಲ್ಲಿ ಮಾತ್ರೆಗೆ ಸೇರುವ ಪಾಲು ಶೇ 40ರಿಂದ 77ಕ್ಕೇರಿತು. ಪಟಾಕಿಯಲ್ಲಿ ಅಂಥ ಉಳಿತಾಯಕ್ಕೆ ಜಾಗವೇ ಇಲ್ಲ. ಮದ್ದೆಲ್ಲ ಹೊಗೆ, ಬೂದಿ, ಕಾಗದದ ಚೂರಾಗಿ ಬೀದಿ ಸೇರುತ್ತದೆ. ಮೊದಲ ತತ್ವದಲ್ಲಿ ಅದಕ್ಕೆ ನನ್ನ ಅಂಕ ಸೊನ್ನೆ.

ಕೊನೆಯ, 12ನೆಯ ತತ್ವ ಅವಘಡ ತಡೆಯುವುದರ ಕುರಿತದ್ದು. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಉರಿದು ಹತ್ತಾರು ಜೀವ ಹೋದವು. ಹೊಗೆ ಕಡಿಮೆಯಾದ ಮಾತ್ರಕ್ಕೆ ಗೋದಾಮಿನಲ್ಲಿ ಪೇರಿಸಿಟ್ಟ ಮದ್ದು ಸಿಡಿಯದೆ ಇರುವುದಿಲ್ಲ. ಪೊಟ್ಟಣದ ಮೇಲಿನ ಹಸಿರು ಮುದ್ರೆಯನ್ನು ಅಲ್ಲಿ ಕೂಲಿಗೆ ನಿಲ್ಲುವ ಹುಡುಗನ ಕಡೆಯಿಂದಲೂ ನೋಡಬೇಕು.