ತೋಟ ಯಾರಿಗೆ ಬಂತು?

ಲಂಡನ್ನಿನಲ್ಲಿರುವ ಎಬಿಗೆ ಊರಿನಿಂದ ಪತ್ರ ಬರುತ್ತದೆ: ಅಜ್ಜನ ಕಾಫಿ ತೋಟ ಇನ್ನು ನಿನ್ನದು. ಅಮಿನಾಟ್ಟಾ ಫೋರ್ನಾ ಅವರ ‘ಆನ್ಸೆಸ್ಟರ್ ಸ್ಟೋನ್ಸ್’ (2006) ಕಾದಂಬರಿ ತೆರೆದುಕೊಳ್ಳುವುದು ಹೀಗೆ. ಕಾದಂಬರಿ ದೇಶವನ್ನು ಹೆಸರಿಸುವುದಿಲ್ಲ. ಆದರೆ ಅದು 1991ರಿಂದ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದ ಸಿಯೆರಾ ಲಿಯೋನ್ ಎಂದು ಓದುಗರಿಗೆ ಬೇಗ ತಿಳಿಯುತ್ತದೆ.

ಯುದ್ಧ ಮುಗಿದ ನಾಡಿನ ಬೇಸಾಯದ ಬಗ್ಗೆ ಮಾತು ಬಂದರೆ ಬಿತ್ತನೆ ಭತ್ತ, ಗುದ್ದಲಿ, ರಸ್ತೆಗಳ ಲೆಕ್ಕ ಮೊದಲು ಬರುತ್ತದೆ. ಅವು ಬೇಕೇ ಬೇಕು. ಊರು ಬಿಟ್ಟವರು ಮರಳುವ ಹೊತ್ತಿಗೆ ಬೀಜ ಉಳಿದಿರುವುದಿಲ್ಲ, ಸವರುವವರಿಲ್ಲದೆ ಕಾಫಿ ತೋಟ ಕಾಡಾಗಿರುತ್ತದೆ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕೆಂಬುದು ನಮ್ಮ ಮಲೆನಾಡಿನವರಿಗೂ ಗೊತ್ತು. ಆದರೆ ಫೋರ್ನಾ ಅದಕ್ಕೂ ಹಿಂದಿನ ಪ್ರಶ್ನೆಗೆ ಹೋಗುತ್ತಾರೆ. ನಾವು ಮತ್ತೆ ಕಟ್ಟಹೊರಟಿರುವ ಆ ಹಳೆಯ ಬದುಕು ಯಾರಿಗೆ ಹೇಗಿತ್ತು?

ಉತ್ತರ ಸಿಗುವುದು ಎಬಿಯ ನಾಲ್ವರು ಅತ್ತೆಯರಾದ ಅಸಾನಾ, ಮೇರಿ, ಹಾವಾ, ಸೆರಾ ಅವರ ಮಾತಿನಲ್ಲಿ. ತಂದೆ ಒಬ್ಬನೇ, ತಾಯಂದಿರು ಬೇರೆ ಬೇರೆ. ಹನ್ನೊಂದು ಹೆಂಡಿರ ಆ ಮನೆಯಲ್ಲಿ ಹಿರಿಯಳು ಯಾರು, ಕಿರಿಯಳು ಯಾರು ಎಂಬುದರ ಮೇಲೆ ಒಬ್ಬೊಬ್ಬಳ ಪಾಲು ನಿಂತಿದೆ. ಯುದ್ಧಕ್ಕೆ ಮೊದಲಿನ ಹಳ್ಳಿಯನ್ನು ಸುಖದ ನೆನಪಾಗಿಸದಿರುವುದೇ ಈ ಕಾದಂಬರಿಯ ದೊಡ್ಡ ಪ್ರಾಮಾಣಿಕತೆ.

ಇಷ್ಟಾದರೂ ಒಂದು ದನಿ ಇಲ್ಲಿ ಇಲ್ಲ. ಜಮೀನು, ದುಡಿಮೆ, ಮದುವೆಗಳ ಮೇಲೆ ಮುಖ್ಯಸ್ಥರು ಮತ್ತು ಹಿರಿಯರಿಗಿದ್ದ ಹಿಡಿತ, ಅವರು ಹಾಕುತ್ತಿದ್ದ ದಂಡ ಹಳ್ಳಿಯ ಬಡ ಹುಡುಗರನ್ನು ಬಂದೂಕಿನತ್ತ ದೂಡಿತೆಂದು ಮಾನವಶಾಸ್ತ್ರಜ್ಞ ಪಾಲ್ ರಿಚರ್ಡ್ಸ್ ವಾದಿಸಿದ್ದಾರೆ. ಅಧ್ಯಾಯಗಳೆಲ್ಲ ತೋಟದ ಒಡೆಯನ ಹೆಣ್ಣುಮಕ್ಕಳು ಮತ್ತು ಮೊಮ್ಮಗಳ ಪಾಲಾಗಿವೆ. ಕೂಲಿಯ ಹುಡುಗನಿಗೆ ಒಂದೂ ಇಲ್ಲ. ಆದ್ದರಿಂದ ತೋಟ ಎಬಿಯ ಕೈಗೆ ಬಂದಾಗ ನಮಗೆ ಸಮಾಧಾನವಾಗುತ್ತದೆ, ಗಿಡ ಸವರುವವರು ಯಾರು, ಅವರ ಪಾಲೆಷ್ಟು ಎಂದು ಕೇಳುವುದೇ ಮರೆಯುತ್ತದೆ.

ಸಿಯೆರಾ ಲಿಯೋನ್ 2022ರಲ್ಲಿ ಕಾನೂನು ತಂದು, ಸಾಂಪ್ರದಾಯಿಕ ಹಿಡುವಳಿಯ ಭೂಮಿಯಲ್ಲಿ ಹೆಣ್ಣಿಗೂ ಸಮಾನ ಹಕ್ಕು ಕೊಟ್ಟಿತು. ಅತ್ತೆಯರ ಕಥೆ ಓದಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಭೂಮಿಯಿಲ್ಲದ ಹುಡುಗನ ಕಥೆ ಬರೆಯುವ ಕೆಲಸ ಮಾತ್ರ ಈ ಕಾದಂಬರಿಯ ಹೊರಗೇ ಉಳಿದಿದೆ.